ಬೆಟ್ಟವನ್ನೇರಿದವರು ಇಳಿದು ಬಂದ ಮೇಲೆ

ಮಧುಗಿರಿಯ ಏಕಶಿಲೆಯನ್ನು ಏರಲು ಬೆಂಗಳೂರಿನಿಂದ ತರುಣರ ತಂಡಗಳು ಬರುತ್ತಲೇ ಇರುತ್ತವೆ. ಅದೇ ಬೆಟ್ಟದ ನೆರಳಿನಲ್ಲಿ ಓದುವ ಮಕ್ಕಳಲ್ಲಿ ತುದಿಯನ್ನು ಮುಟ್ಟಿದವರೆಷ್ಟು ಮಂದಿ ಎಂದು ಕೇಳಿದರೆ ಉಪಾಧ್ಯಾಯರಿಗೆ ಸಂಕೋಚವಾದೀತು. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ ಈ ಬಂಡೆಯಲ್ಲಿ ಮೊದಲು ಮೆಟ್ಟಿಲು, ಬಳಿಕ ಕಲ್ಲಿನಲ್ಲೇ ಕಡೆದ ಕಾಲ್ಗುಳಿ, ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇಗುಲ. ಕೊರಟಗೆರೆಗೆ ಸಿದ್ಧರಬೆಟ್ಟವಿದೆ; ಪಾವಗಡಕ್ಕೆ ಊರ ತಲೆಯ ಮೇಲೆಯೇ ದುರ್ಗವಿದೆ, ಆಚೆಗೆ ನಿಡುಗಲ್ಲಿದೆ. ಬಯಲಿನ ಸಿರಾದವರೂ ದೂರ ಹೋಗಬೇಕಾಗಿಲ್ಲ.

ಇಂಥ ನಾಡಿನಲ್ಲಿ ೨೦೦೪ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಕಾಲೇಜಿನಲ್ಲೂ ಒಂದು ಪರ್ವತಾರೋಹಣ ಸಂಘವಿರುವುದು ಅತ್ಯಂತ ಸಹಜವಾದ ಅಪೇಕ್ಷೆ. ಅಪಾಯವೆಂದು ಹಿರಿಯರು ಹಿಂಜರಿಯುವುದೂ ಅಕಾರಣವಲ್ಲ. ೨೦೨೪ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ತಂಡದ ೯ ಮಂದಿ ಪ್ರಾಣ ಕಳೆದುಕೊಂಡರು. ಆದರೆ ಆ ದುಃಖದಿಂದ ಕಲಿಯಬೇಕಾದದ್ದು ಶಿಕ್ಷಣದ ಅಗತ್ಯವನ್ನೇ ಹೊರತು ಮನೆಯಲ್ಲಿ ಕೂರುವುದನ್ನಲ್ಲ. ಎವರೆಸ್ಟ್ ವಿಜಯದ ಮರುವರ್ಷವೇ, ೧೯೫೪ರಲ್ಲಿ, ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆ ಆರಂಭವಾಗಿ ತೇನ್‌ಸಿಂಗರೇ ಅಲ್ಲಿ ಗುರುವಾದರು. ೧೯೬೫ರಲ್ಲಿ ಉತ್ತರಕಾಶಿಯ ನೆಹರೂ ಸಂಸ್ಥೆ ಬಂತು. ಹಿಮಕ್ಕೆ ಕಾಲಿಡುವ ಮುನ್ನ ಅಲ್ಲಿ ಕಲಿಸುವುದು ಬಂಡೆ ಹತ್ತುವುದನ್ನು, ಗಂಟು ಹಾಕುವುದನ್ನು, ಜೊತೆಗಾರನ ಹಗ್ಗವನ್ನು ಬಿಗಿಹಿಡಿದು ನಿಲ್ಲುವುದನ್ನು. ಆ ಬಂಡೆ ನಮ್ಮವರ ಹಿತ್ತಿಲಲ್ಲೇ ಇದೆ.

ಸಾಧನೆಯನ್ನು ಅಡಿಗಳಲ್ಲಿ ಮಾತ್ರ ಅಳೆಯುವ ಸಂಘಗಳ ಬಗೆಗೆ ಒಂದು ಮಾತು ಹೇಳಲೇಬೇಕು. ತೇನ್‌ಸಿಂಗರೊಡನೆ ೧೯೫೩ರಲ್ಲಿ ಶಿಖರವನ್ನೇರಿದ ಹಿಲರಿ ೧೯೬೧ರಲ್ಲಿ ಮತ್ತೆ ಅದೇ ಬೆಟ್ಟಗಳಿಗೆ ಹೋದದ್ದು ಖುಂಜುಂಗ್ ಹಳ್ಳಿಯ ಶೆರ್ಪಾ ಮಕ್ಕಳಿಗೆ ಶಾಲೆ ಕಟ್ಟಲು. ತಮ್ಮ ಹೊರೆ ಹೊತ್ತವರ ಋಣ ಅವರಿಗೆ ನೆನಪಿತ್ತು. ತುದಿಯಲ್ಲಿ ಭಾವಚಿತ್ರ ತೆಗೆಸಿಕೊಂಡು, ನೀರಿನ ಬಾಟಲಿಯನ್ನು ಅಲ್ಲೇ ಎಸೆದು ಬರುವವರಿಗೆ ಆ ನೆನಪು ಎಲ್ಲಿಂದ ಬರಬೇಕು!

ಇಲ್ಲಿ ಮಾಡಬಹುದಾದ ಸೇವೆ ಕಣ್ಣೆದುರಿಗೇ ಇದೆ. ತಪ್ಪಿಸಿಕೊಂಡ ಕುರಿಯೊಂದು ಮೈಯಿಂದ ನೀರು ತೊಟ್ಟಿಕ್ಕುತ್ತ ಮರಳಿದ್ದರಿಂದ ಹಿರೇಗೌಡನಿಗೆ ಬೆಟ್ಟದಲ್ಲಿ ನೀರಿರುವುದು ತಿಳಿಯಿತೆಂದು ಮಧುಗಿರಿಯ ಐತಿಹ್ಯ ಹೇಳುತ್ತದೆ. ಕೋಟೆ ಉಳಿದದ್ದೇ ದೊಣೆಗಳ ನೀರಿನಿಂದ. ಹೂಳು ತುಂಬಿದ ದೊಣೆಗಳನ್ನು ತೆಗೆದರೆ ಕರಡಿ, ಚಿರತೆಗಳು ನೀರನ್ನರಸಿ ಊರಂಚಿಗೆ ಇಳಿಯುವುದು ಕೊಂಚವಾದರೂ ತಗ್ಗೀತು. ಇದು ವಿಶೇಷವಾಗಿ ಮಳೆ ಕಾಣದ ಪಾವಗಡದ ಕಡೆಗೆ ಸಲ್ಲುವ ಮಾತು. ಕಡಿದಾದ ಬಂಡೆಯ ದೊಣೆಗೆ ಹಗ್ಗ ಬಲ್ಲವರೇ ಇಳಿಯಬೇಕು. ೧೯೬೯ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಪರ್ವತಾರೋಹಣ ಸಂಘದೊಡನೆ ಕೂಡಿಕೊಳ್ಳಲು ಇದಕ್ಕಿಂತ ಯೋಗ್ಯ ಸಂದರ್ಭ ದೊರೆಯದು. ಅರಣ್ಯ ಹಾಗೂ ಪುರಾತತ್ತ್ವ ಇಲಾಖೆಗಳ ಅನುಮತಿ ಪಡೆದೇ ಕೈಹಚ್ಚಬೇಕೆಂಬುದನ್ನು ಮರೆಯುವಂತಿಲ್ಲ; ಕೋಟೆಯ ಕಲ್ಲನ್ನು ಉತ್ಸಾಹದಿಂದ ಕೆಡಿಸಿದ ಉಪಕಾರಿಗಳೂ ಉಂಟು.

ದಾನಿಗಳು ಕಟ್ಟಡಗಳಿಗೆ ಕೊಡುತ್ತ ಬಂದಿದ್ದಾರೆ. ಕೆಲವು ಒಳ್ಳೆಯ ಹಗ್ಗ, ಶಿರಸ್ತ್ರಾಣಗಳ ಒಂದು ಪೆಟ್ಟಿಗೆ, ಇಬ್ಬರು ಉಪಾಧ್ಯಾಯರ ತರಬೇತಿಯ ವೆಚ್ಚ: ಇಷ್ಟು ಒದಗಿದರೆ ಕೆಲಸ ಪ್ರಾರಂಭಿಸಬಹುದು. ಮಳೆ ಬಿದ್ದರೆ ಬಂಡೆ ಜಾರುತ್ತದೆ. ದೊಣೆಗಳಿಗೆ ಇಳಿಯುವುದು ಮುಂಗಾರಿಗೆ ಮೊದಲೇ ಆಗಬೇಕು.