ಒಂದೇ ಪಾತ್ರೆಯಲ್ಲಿ ಲೋಹವೂ ಕಿಣ್ವವೂ

ರಸಾಯನಶಾಸ್ತ್ರದ ಸಂಗತಿಯನ್ನು ಬಿ.ಎ. ತರಗತಿಯವನು ಬರೆಯುವುದೇ ಎಂದು ವಾಚಕರು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕೈಗೆ ಬಂದುದರಲ್ಲಿ ಅರ್ಧವನ್ನು ತಿಪ್ಪೆಗೆ ಸುರಿಯುವುದು ನಮ್ಮವರಿಗೆ ಎಂದೂ ಒಪ್ಪಿಗೆಯಾಗದ ಮಾತು. ಈ ವಿಷಯ ನನ್ನ ಮನಸ್ಸನ್ನು ಹಿಡಿದದ್ದೂ ಆ ಕಾರಣದಿಂದಲೇ.

ಕೆಲವು ಅಣುಗಳು ಎಡಗೈ ಬಲಗೈಗಳಂತೆ ಜೋಡಿಯಾಗಿರುತ್ತವೆ. ಒಂದು ಮತ್ತೊಂದರ ಕನ್ನಡಿಬಿಂಬ. ಅಂಥ ಆಲ್ಕೊಹಾಲನ್ನು ಸಾಧಾರಣ ರೀತಿಯಲ್ಲಿ ತಯಾರಿಸಿದರೆ ಎರಡೂ ಸಮಸಮವಾಗಿ ಹುಟ್ಟುತ್ತವೆ. ಔಷಧಕ್ಕೆ ಬೇಕಾಗುವುದು ಅನೇಕ ವೇಳೆ ಒಂದೇ. ಲೈಪೇಸ್ ಎಂಬ ಕಿಣ್ವ ಒಂದನ್ನು, ಬಲಗೈಯೆನ್ನೋಣ, ಆರಿಸಿಕೊಂಡು ಎಸ್ಟರ್ ಮಾಡುತ್ತದೆ. ಎಡಗೈ ಹಾಗೆಯೇ ಉಳಿಯುತ್ತದೆ. ಕಿಣ್ವ ಎಷ್ಟೇ ಜಾಣವಾಗಿರಲಿ, ಫಲ ಶೇಕಡ 50ನ್ನು ದಾಟದು.

1996ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್, 1997ರಲ್ಲಿ ಸ್ವೀಡನ್ನಿನ ಬೆಕ್‌ವಾಲ್ ಮತ್ತು ಅವರ ಸಂಗಡಿಗರು ಅದೇ ಪಾತ್ರೆಗೆ ಲೋಹದ ಸಂಯುಕ್ತವನ್ನೂ ಸೇರಿಸಿದರು. ಬೆಕ್‌ವಾಲರು ಬಳಸಿದ್ದು ರುಥೇನಿಯಂ. ಅದು ಆಲ್ಕೊಹಾಲಿನಿಂದ ಹೈಡ್ರೊಜನ್ನನ್ನು ಕಿತ್ತು ಕೀಟೋನ್ ಮಾಡುತ್ತದೆ, ಮತ್ತೆ ಹಿಂದಿರುಗಿಸುತ್ತದೆ. ಹಿಂದಿರುಗಿಸುವಾಗ ಅದಕ್ಕೆ ಎಡಬಲಗಳ ಗೊಡವೆಯಿಲ್ಲ. ಹೀಗೆ ಎಡಗೈಗಳಲ್ಲಿ ಕೆಲವು ಬಲಗೈಗಳಾಗುತ್ತವೆ; ಕಿಣ್ವ ಅವನ್ನೂ ಹಿಡಿಯುತ್ತದೆ. ಎಸ್ಟರ್ ಆದದ್ದನ್ನು ಮಾತ್ರ ಲೋಹ ಕೆಡಿಸಲಾರದು. ಅನೇಕ ಆಲ್ಕೊಹಾಲುಗಳಲ್ಲಿ ಫಲ ಶೇಕಡ 90ಕ್ಕೂ ಮೇಲೇರುತ್ತದೆ.

ಈ ಸಂಸಾರ ಸುಲಭದ್ದಲ್ಲ. ಹುಣಸೆರಸವನ್ನು ಮೊದಲೇ ಸುರಿದರೆ ಬೇಳೆ ಬೇಯದೆಂದು ಅವ್ವ ಅದನ್ನು ಕೊನೆಗೆ ಹಾಕುತ್ತಾಳೆ. ಇಲ್ಲಿ ಆ ಉಪಾಯವೂ ನಡೆಯದು. ಲೋಹ, ಕಿಣ್ವ ಎರಡೂ ಏಕಕಾಲಕ್ಕೆ ದುಡಿಯಬೇಕು. ಲೈಪೇಸಿಗೆ ರೂಢಿಯಾದ ವಿನೈಲ್ ಅಸಿಟೇಟ್ ರುಥೇನಿಯಂನೊಡನೆ ಹೊಂದಲಿಲ್ಲ, ಬೇರೊಂದನ್ನು ಹುಡುಕಬೇಕಾಯಿತು. ಮೊದಲಿನ ಲೋಹಕ್ಕೆ 70 ಡಿಗ್ರಿಯ ಶಾಖ ಬೇಕಿತ್ತು. ಕೊಠಡಿಯ ಶಾಖದಲ್ಲಿಯೇ ದುಡಿಯುವ ರುಥೇನಿಯಂ ಸಂಯುಕ್ತದ ವರದಿ ಬಂದದ್ದು 2002ರಲ್ಲಿ.

ಒಂದೇ ಪಾತ್ರೆಯೆಂದ ಮಾತ್ರಕ್ಕೆ ಹೊಗಳುವವರ ಪಕ್ಷ ನನ್ನದಲ್ಲ. ಪಾತ್ರೆ ತೊಳೆಯುವ ಶ್ರಮವನ್ನು ಉಳಿಸಲೆಂದೇ ಇಬ್ಬರನ್ನು ಕೂಡಿಹಾಕಿದರೆ ಇಬ್ಬರ ಕೆಲಸವೂ ಕೆಡಬಹುದು. ಅದಕ್ಕಿಂತ ಎರಡು ಪಾತ್ರೆ ಮೇಲು. ಆದರೆ ಈ ಉದಾಹರಣೆಯಲ್ಲಿ ಲೆಕ್ಕವೇ ಬೇರೆ. ಕಿಣ್ವದ ಕೆಲಸ ಮುಗಿದ ಮೇಲೆ ಉಳಿದುದನ್ನು ಬೇರ್ಪಡಿಸಿ, ಮತ್ತೆ ಸಮಮಿಶ್ರಣ ಮಾಡಿ, ಮತ್ತೆ ಕಿಣ್ವಕ್ಕೆ ಒಪ್ಪಿಸುತ್ತ ಹೋದರೆ, ನಡುವೆ ಹನಿಯೂ ನಷ್ಟವಾಗದಿದ್ದರೂ, ಫಲ 50, 75, 87.5 ಎಂದು ಏರುತ್ತದೆ. ಶೇಕಡ 90ನ್ನು ದಾಟಲು ನಾಲ್ಕನೆಯ ಸುತ್ತು ಬೇಕು. ರುಥೇನಿಯಂ ದುಬಾರಿಯೆಂಬ ಆಕ್ಷೇಪಣೆ ನಿಜವೇ. ಅರ್ಥಶಾಸ್ತ್ರದ ಗೆಳೆಯರು ಆ ಬೆಲೆಯನ್ನು ಈ ನಾಲ್ಕು ಸುತ್ತುಗಳ ಎದುರಿಗಿಟ್ಟು ತೂಗಲಿ, ಬರಿಯ ಕಿಣ್ವದ ಬೆಲೆಯ ಎದುರಿಗಲ್ಲ.