ಓದದ ಪುಸ್ತಕದ ಹೊಗಳಿಕೆ

‘ನಿಮಗೆ ಓದುವುದೆಂದರೆ ಇಷ್ಟವೇ? ಈಚೆಗೆ ಓದಿದ ಒಂದು ಪುಸ್ತಕದ ವಿಷಯ ಹೇಳಿ.’ ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಹುಡುಗ ಹುಡುಗಿಯರು ಸಾವಿರಾರು ರೂಪಾಯಿ ತೆತ್ತು ಸುಳ್ಳು ಹೇಳುವುದನ್ನು ಕಲಿಯುತ್ತಿದ್ದಾರೆ. ಮಾತು ಕಟುವಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಈ ಸುಳ್ಳಿನಲ್ಲಿ ಉಪಾಧ್ಯಾಯರಾದ ನಮ್ಮ ಪಾಲೂ ಉಂಟೆಂದು ಮನಗಂಡ ಮೇಲೆ ಮೆತ್ತಗೆ ಮಾತನಾಡುವ ಹಕ್ಕು ನಮಗೆ ಉಳಿದಿಲ್ಲ.

ಕಲ್ಪೆಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿ, ವಯನಾಡಿನ ಯಾವ ಪೇಟೆಯಲ್ಲಿ ಬಸ್ಸಿಳಿದರೂ ವಿದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಕಲಿಸುವ ಕೇಂದ್ರಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ದಾದಿಯ ಶಿಕ್ಷಣ ಮುಗಿಸಿದ ಹೆಣ್ಣುಮಕ್ಕಳು ಅಲ್ಲಿ ತಿಂಗಳುಗಟ್ಟಲೆ ಕುಳಿತು ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆಗೆ ಸಿದ್ಧರಾಗುತ್ತಾರೆ. ಪರೀಕ್ಷೆಯ ಶುಲ್ಕವೇ ಹದಿನೈದು ಸಾವಿರ ರೂಪಾಯಿಗೆ ಮೀರಿದ್ದು. ಒಂಬತ್ತರ ಅಳತೆಯಲ್ಲಿ ಮಾತಿಗೆ 7 ಬಾರದಿದ್ದರೆ ಬ್ರಿಟನ್ನಿನ ದಾದಿಯರ ಪರಿಷತ್ತು ಆ ಫಲಿತಾಂಶವನ್ನು ಒಪ್ಪುವುದಿಲ್ಲ.

ನಾವು ಗಡಿಯಾಚೆ ಗುಂಡ್ಲುಪೇಟೆಯ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ವಾರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೆ ಬಂಡೀಪುರದ ದಾರಿ ಮುಚ್ಚುವ ಮುನ್ನ ಕಾಡು ದಾಟಿ ಬತ್ತೇರಿಯ ಮನೆ ಸೇರುವವರು. ಈಚೆಗೆ ಹೀಗೆ ಬಂದಿದ್ದಾಗ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಹದಿಮೂರು ವರ್ಷದ ಹಿಂದೆ ನಮ್ಮ ನಾಲ್ಕನೆಯ ತರಗತಿಯಲ್ಲಿದ್ದವಳು. ಚೆಂಡುಹೂವು ಬೆಳೆಯುವ ರೈತನ ಮಗಳು. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿ ಓದಿ, ಮೈಸೂರಿನಲ್ಲಿ ದಾದಿಯ ಶಿಕ್ಷಣ ಮುಗಿಸಿ, ನಮ್ಮ ಜಿಲ್ಲೆಯ ಕೇಂದ್ರವೊಂದನ್ನು ಸೇರಿದ್ದಳು. ಒಮ್ಮೆ ಪರೀಕ್ಷೆ ಕಟ್ಟಿ, ಮಾತಿನಲ್ಲಿ 6 ಬಂದು, ಅಪ್ಪ ಸಾಲ ಮಾಡಿ ತಂದ ಹಣ ನೀರಿನಲ್ಲಿ ಹೋಮವಾಗಿತ್ತು.

‘ಏನು ಕೇಳಿದರಮ್ಮಾ?’ ಎಂದೆವು.

‘ಇಷ್ಟವಾದ ಪುಸ್ತಕದ ಬಗ್ಗೆ ಹೇಳು ಅಂದರು, ಮೇಷ್ಟ್ರೇ. ದಿ ಆಲ್ಕೆಮಿಸ್ಟ್ ಅಂದೆ. ಹಾಳೆಯಲ್ಲಿ ಇದ್ದದ್ದನ್ನೆಲ್ಲ ತಪ್ಪಿಲ್ಲದೆ ಹೇಳಿದೆ. ಆಮೇಲೆ ಅವರು, ಅದರಲ್ಲಿ ನಿಮಗೆ ಮೆಚ್ಚಿಕೆಯಾಗದ ಸಂಗತಿ ಏನು ಅಂತ ಕೇಳಿಬಿಟ್ಟರು.’

‘ನೀನು ಆ ಪುಸ್ತಕ ಓದಿದ್ದೀಯಾ?’

‘ಇಲ್ಲ ಮೇಷ್ಟ್ರೇ. ಕೇಂದ್ರದಲ್ಲಿ ಎಲ್ಲರಿಗೂ ಅದೇ ಹಾಳೆ ಕೊಟ್ಟಿದ್ದರು.’

ಓದದ ಪುಸ್ತಕವನ್ನು ಹೊಗಳಬಹುದು, ತೆಗಳುವುದು ಕಷ್ಟ. ಹಾಳೆ ಬರೆದವನು ಹೊಗಳಿಕೆಯನ್ನಷ್ಟೇ ಬರೆದುಕೊಟ್ಟಿದ್ದ. ಎರವಲು ತಂದ ಒಡವೆ ಮದುವೆಮನೆಯ ಬಾಗಿಲಲ್ಲೇ ಕಳಚಿ ಬಿದ್ದಂತಾಯಿತು.

ಈ ಪರೀಕ್ಷೆ ನಿಜವಾಗಿ ಏನನ್ನು ಕೇಳುತ್ತದೆಂಬುದನ್ನು ಮೊದಲು ತಿಳಿಯೋಣ. 1989ರಿಂದ ಈ ಹೆಸರಿನಲ್ಲಿ ನಡೆಯುತ್ತಿರುವ ಪರೀಕ್ಷೆಯಿದು. ಮಾತಿನ ಭಾಗ ಹನ್ನೊಂದರಿಂದ ಹದಿನಾಲ್ಕು ನಿಮಿಷದ್ದು. ಮೊದಲು ಊರು, ಮನೆ, ಓದು, ಹವ್ಯಾಸಗಳ ಪ್ರಶ್ನೆ. ಬಳಿಕ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತನಾಡಿಸುತ್ತಾರೆ. ಕೊನೆಗೆ ಅದೇ ವಿಷಯದ ಮೇಲೆ ಇನ್ನಷ್ಟು ಆಳವಾದ ಸಂವಾದ. ಅಳತೆಗೋಲು ನಾಲ್ಕು: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಯಾವ ಪುಸ್ತಕ, ಯಾವ ಭಾಷೆಯ ಪುಸ್ತಕ ಎಂಬುದನ್ನು ಅಳೆಯುವ ಐದನೆಯ ಕೋಲು ಅಲ್ಲಿಲ್ಲ. ಬಾಯಿಪಾಠದ ಮಾತನ್ನು ಗುರುತಿಸುವುದಾದರೋ ಪರೀಕ್ಷಕರಿಗೆ ಚೆನ್ನಾಗಿ ಗೊತ್ತು. ಹೀಗಿರುವಾಗ ಕನ್ನಡದಲ್ಲಿ ಓದಿದ್ದನ್ನು ಬಚ್ಚಿಡಬೇಕೆಂದು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ಆ ಪರೀಕ್ಷೆಯಂತೂ ಹೇಳಿಕೊಟ್ಟಿಲ್ಲ.

ಇನ್ನೊಂದು ವಿನೋದವನ್ನು ವಾಚಕರು ಗಮನಿಸಬೇಕು. ‘ದಿ ಆಲ್ಕೆಮಿಸ್ಟ್’ ಇಂಗ್ಲಿಷಿನ ಪುಸ್ತಕವೇ ಅಲ್ಲ. ಬ್ರೆಜಿಲ್ ದೇಶದ ಪೌಲೋ ಕೊಯೆಲೋ ಅದನ್ನು 1988ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿಗೆ ಅದು ಅನುವಾದವಾಗಿ ಬಂತು. ಪೋರ್ಚುಗೀಸಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ಗೌರವ, ಕನ್ನಡದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅವಮಾನ, ಇದು ಯಾವ ನ್ಯಾಯ? ಅನಂತಮೂರ್ತಿಯವರು 1965ರಲ್ಲಿ ಬರೆದ ‘ಸಂಸ್ಕಾರ’ 1976ರಲ್ಲೇ ಎ. ಕೆ. ರಾಮಾನುಜನ್ ಅವರ ಕೈಯಿಂದ ಇಂಗ್ಲಿಷಿಗೆ ಹೋಯಿತು. 2025ರಲ್ಲಿ ಬಾನು ಮುಷ್ತಾಕರ ಕನ್ನಡ ಕಥೆಗಳು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗೆದ್ದವು. ಅವನ್ನು ಅನುವಾದಿಸಿದ ದೀಪಾ ಭಾಸ್ತಿಯವರು ನಮ್ಮ ತೋಲ್ಪೆಟ್ಟಿಯ ಗಡಿ ದಾಟಿದರೆ ಸಿಕ್ಕುವ ಕೊಡಗಿನವರು. ಲಂಡನ್ನಿನಲ್ಲಿ ಪ್ರಶಸ್ತಿ ಪಡೆದ ಭಾಷೆಯನ್ನು ಲಂಡನ್ನಿಗೆ ಹೊರಟ ಹುಡುಗಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮಗೆ ಇಷ್ಟು ಸರಿಯಾಗಿ ಎಂದೂ ಒಪ್ಪಿರಲಿಲ್ಲ.

ನಾಚಿಕೆಯ ಈ ಬೇನೆ ಕನ್ನಡಕ್ಕಷ್ಟೇ ಅಂಟಿದ್ದಲ್ಲ. ನಮ್ಮ ಕಾಡಂಚಿನ ಕಾಟ್ಟುನಾಯಕರ ಮಕ್ಕಳು ಮನೆಯಲ್ಲಿ ಆಡುವುದು ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನು. ಶಾಲೆಯ ಹೊಸ್ತಿಲು ದಾಟಿದೊಡನೆ ಆ ಮಕ್ಕಳು ಮೂಕರಾಗುವುದನ್ನು ಕಂಡವರಿಗೆ, ಸ್ವಂತ ಮಾತನ್ನು ಮುಚ್ಚಿಡುವ ಅಭ್ಯಾಸ ಎಷ್ಟು ಎಳೆಯ ವಯಸ್ಸಿನಲ್ಲಿ ಮೊದಲಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಇದಕ್ಕೆಲ್ಲ ಕನ್ನಡ ಮಾಧ್ಯಮವೇ ಕಾರಣ; ಮಕ್ಕಳನ್ನು ಮೊದಲೇ ಇಂಗ್ಲಿಷ್ ಶಾಲೆಗೆ ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ’ ಎನ್ನುವ ಮಹನೀಯರಿಗೆ ಎರಡು ಮಾತು. ಅದೇ ಕೇಂದ್ರದಲ್ಲಿ, ಅದೇ ಹಾಳೆಯನ್ನು, ಒಂದನೆಯ ತರಗತಿಯಿಂದ ಇಂಗ್ಲಿಷಿನಲ್ಲಿಯೇ ಓದಿದವರೂ ಉರುಹೊಡೆಯುತ್ತಿದ್ದರೆಂದು ನಮ್ಮ ಶಿಷ್ಯೆಯೇ ಹೇಳಿದಳು. ಮಾಧ್ಯಮ ಬದಲಾಯಿಸಿದರೆ ಹಾಳೆಯನ್ನು ಓದುವ ಉಚ್ಚಾರಣೆ ಬದಲಾದೀತು. ಹೇಳಲು ಸ್ವಂತದ್ದೊಂದು ಮಾತು ಹುಟ್ಟಲಾರದು. ಹಾಗೆಂದು ಇಂಗ್ಲಿಷ್ ಬೇಡವೆಂಬುದು ನಮ್ಮ ವಾದವಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಪಾಠ ಸೊರಗಿದೆ, ಅದು ಸುಧಾರಿಸಲೇಬೇಕು. ಮಂಜೇಶ್ವರದ ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಬಲ್ಲವರಾಗಿದ್ದರು. ಬಲ್ಲ ಭಾಷೆಗಳು ಹೆಚ್ಚಿದಷ್ಟೂ ಅವರ ಕನ್ನಡ ಹಿಗ್ಗಿತೇ ಹೊರತು ಕುಗ್ಗಲಿಲ್ಲ. ಭಾಷೆ ದೋಣಿಯಿದ್ದ ಹಾಗೆ. ದೋಣಿ ಗಟ್ಟಿಯಾಗಿರಬೇಕು, ನಿಜ. ಆದರೆ ಆಚೆ ದಡಕ್ಕೆ ಒಯ್ಯುವ ಸರಕೂ ಒಂದು ಬೇಕಷ್ಟೆ?

ಆ ಸರಕು ನಮ್ಮ ಶಿಷ್ಯೆಯಲ್ಲಿ ಇಲ್ಲದಿರಲಿಲ್ಲ. ‘ನಿಜವಾಗಿ ಏನು ಓದಿದ್ದೀಯಮ್ಮಾ?’ ಎಂದು ಕೇಳಿದಾಗ, ತಪ್ಪೊಪ್ಪಿಕೊಳ್ಳುವವಳಂತೆ ತಲೆತಗ್ಗಿಸಿ, ‘ಕರ್ವಾಲೋ’ ಎಂದಳು. ಪೂರ್ಣಚಂದ್ರ ತೇಜಸ್ವಿಯವರ, 1980ರ, ಆ ಹಾರುವ ಓತಿಯ ಕಾದಂಬರಿ. ಹೈಸ್ಕೂಲಿನಲ್ಲಿ ಗೆಳತಿಯಿಂದ ತಂದು ಎರಡು ಸಲ ಓದಿದ್ದಳಂತೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದೆವು. ಮೊದಲು ತಡವರಿಸಿದಳು. ಮಂದಣ್ಣ ಬಂದೊಡನೆ ಮಾತಿಗೆ ಕಾಲು ಬಂತು. ಅವನು ತನ್ನ ಸೋದರಮಾವನಂತೆಯೇ ಜೇನಿನ ಹುಚ್ಚು ಹಿಡಿದವನೆಂದಳು. ಊರು ಪೆದ್ದನೆಂದವನಿಗೆ ವಿಜ್ಞಾನಿಗೆ ಕಾಣದ್ದು ಕಾಣುತ್ತದೆಂದಳು. ಹಾರುವ ಓತಿಗೆ ಇಂಗ್ಲಿಷ್ ಹೆಸರು ತಿಳಿಯದೆ, ಮರದಿಂದ ಮರಕ್ಕೆ ಗಾಳಿಯಲ್ಲಿ ಜಾರುವ ಪುಟ್ಟ ಪ್ರಾಣಿ ಎಂದು ಬಣ್ಣಿಸಿದಳು. ಗೊತ್ತಿಲ್ಲದ ಪದಕ್ಕೆ ಗೊತ್ತಿರುವ ಪದಗಳಿಂದ ದಾರಿ ಮಾಡಿಕೊಳ್ಳುವುದು ಆ ಪರೀಕ್ಷೆಯಲ್ಲಿ ಗುಣವೆಂದೇ ಎಣಿಕೆ. ವ್ಯಾಕರಣದ ತಪ್ಪು ಹಲವಿದ್ದವು. ಆದರೂ ಎರಡು ನಿಮಿಷ ಕಳೆದು ಐದಾಯಿತು, ಅವಳು ನಿಲ್ಲಲಿಲ್ಲ. ‘ಇದರಲ್ಲಿ ಮೆಚ್ಚಿಕೆಯಾಗದ್ದು ಏನು?’ ಎಂದಾಗಲೂ ಉತ್ತರವಿತ್ತು: ಕೊನೆಗೆ ಆ ಓತಿ ಕೈತಪ್ಪಿ ಹೋದದ್ದು ಅವಳಿಗೆ ಸಹಿಸಲಾಗಿರಲಿಲ್ಲ.

ಮಾತು ಮುಗಿಸಿ ಅವಳು ಕೇಳಿದ ಪ್ರಶ್ನೆ ನಮ್ಮನ್ನು ಈಗಲೂ ಚುಚ್ಚುತ್ತಿದೆ. ‘ಮೇಷ್ಟ್ರೇ, ನನಗೆ ಏನು ಇಷ್ಟ ಅಂತ ಶಾಲೆಯಲ್ಲಿ ಯಾರೂ ಕೇಳಲಿಲ್ಲವಲ್ಲ, ಯಾಕೆ?’

ಉತ್ತರ ನಮ್ಮಲ್ಲಿರಲಿಲ್ಲ. ಹದಿಮೂರು ವರ್ಷದ ಹಿಂದಿನ ಆ ನಾಲ್ಕನೆಯ ತರಗತಿ ಕಣ್ಣಮುಂದೆ ಬಂತು. ಪಾಠ ಮುಗಿದೊಡನೆ ‘ಸಾರಾಂಶ’ವನ್ನು ಹಲಗೆಯ ಮೇಲೆ ಬರೆಯುತ್ತಿದ್ದವರು ನಾವು. ಮಕ್ಕಳು ಅದನ್ನು ನಕಲಿಸಿ, ಉರುಹೊಡೆದು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಿದರೆ ಪೂರ್ಣಾಂಕ. ಸ್ವಂತ ಮಾತಿನಲ್ಲಿ ಬರೆದ ಮಗುವಿಗೆ ಅರ್ಧ ಅಂಕ ಕಡಿಮೆ. ಶಾಲೆಗೆ ಬಂದ ಕಥೆಪುಸ್ತಕಗಳು ಬೀರುವಿನಲ್ಲಿದ್ದವು, ಬೀರುವಿಗೆ ಬೀಗವಿತ್ತು, ಬೀಗದ ಕೈ ನಮ್ಮ ಜೇಬಿನಲ್ಲಿತ್ತು. ಪುಸ್ತಕ ಹರಿದರೆ ತನಿಖೆಯ ದಿನ ಲೆಕ್ಕ ಒಪ್ಪಿಸಬೇಕಾದೀತೆಂಬ ಭಯ ನಮಗೆ. ಓದದ ಪುಸ್ತಕವನ್ನು ಹೊಗಳುವ ಹಾಳೆ ಮಾರುತ್ತಾರೆಂದು ತರಬೇತಿ ಕೇಂದ್ರದವರನ್ನು ದೂರಿದೆವು. ಆ ಹಾಳೆಯ ಮೊದಲ ಪ್ರತಿಯನ್ನು ಕನ್ನಡದಲ್ಲಿ, ಸೀಮೆಸುಣ್ಣದಿಂದ ಬರೆದವರು ನಾವೇ ಅಲ್ಲವೇ?

ತಾಯ್ನುಡಿಯಲ್ಲಿ ಎಂಟನೆಯ ವಯಸ್ಸಿಗೆ ‘ಈ ಕಥೆ ನಿನಗೆ ಇಷ್ಟವಾಯಿತೇ? ಏಕೆ?’ ಎಂಬ ಪ್ರಶ್ನೆಯನ್ನೇ ಕೇಳಿಸಿಕೊಳ್ಳದ ಮಗು, ಇಪ್ಪತ್ತೆರಡನೆಯ ವಯಸ್ಸಿಗೆ ಪರಭಾಷೆಯಲ್ಲಿ ಅದಕ್ಕೆ ಉತ್ತರಿಸಲಿ ಎಂದರೆ ಎಲ್ಲಿಂದ ತಂದೀತು? ಇಷ್ಟ ಅನಿಷ್ಟಗಳನ್ನು ಕಾರಣಸಹಿತ ಹೇಳುವುದು ಒಂದು ಅಭ್ಯಾಸ. ಆ ಅಭ್ಯಾಸ ಮೊದಲು ಮನೆಮಾತಿನಲ್ಲಿ ಬೇರೂರಬೇಕು. ಆಮೇಲೆ ಅದು ಬೇಕಾದ ಭಾಷೆಯಲ್ಲಿ ಚಿಗುರೀತು. ಪರೀಕ್ಷೆಯ ಆ ಪ್ರಶ್ನೆ ವಾಸ್ತವವಾಗಿ ಪ್ರಾಥಮಿಕ ಶಾಲೆಯ ಪ್ರಶ್ನೆ. ನಾವು ಕೇಳದೆ ಬಿಟ್ಟದ್ದನ್ನು ಅವರು ಶುಲ್ಕ ತೆಗೆದುಕೊಂಡು ಕೇಳುತ್ತಿದ್ದಾರೆ.

ನೆರೆಯ ಮಲಯಾಳಿ ಬಂಧುಗಳಿಂದ ನಾವು ಕಲಿಯಬೇಕಾದದ್ದಿದೆ. ಪಿ. ಎನ್. ಪಣಿಕ್ಕರ್ ಎಂಬ ಉಪಾಧ್ಯಾಯರು 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ತಿರುವಾಂಕೂರಿನಲ್ಲಿ ಗ್ರಂಥಾಲಯ ಸಂಘ ಕಟ್ಟಿದರು. ಓದಿ ಬೆಳೆಯಿರೆಂದು ಊರೂರು ತಿರುಗಿದ ಅವರು 1995ರ ಜೂನ್ 19ರಂದು ತೀರಿಕೊಂಡರು. ಮರುವರ್ಷದಿಂದ ಕೇರಳದಲ್ಲಿ ಆ ದಿನ ವಾಚನದಿನ. ಒಬ್ಬ ಉಪಾಧ್ಯಾಯ ಇಷ್ಟು ಮಾಡಬಲ್ಲನಾದರೆ, ಒಂದು ಬೀರುವಿನ ಬೀಗ ತೆಗೆಯುವುದು ನಮ್ಮಿಂದಾಗದೇ?

ಆದುದರಿಂದ ಕಾಸರಗೋಡಿನ, ಚಾಮರಾಜನಗರದ, ಎಲ್ಲ ಗಡಿನಾಡ ಕನ್ನಡ ಶಾಲೆಗಳ ಸಹೋದ್ಯೋಗಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಬೀರುವನ್ನು ತೆರೆಯಿರಿ, ಪುಸ್ತಕ ಹರಿದರೆ ಹರಿಯಲಿ, ಓದಿ ಹರಿದ ಪುಸ್ತಕ ಶಾಲೆಗೆ ಶೋಭೆ. ಶನಿವಾರ ಅರ್ಧ ಗಂಟೆ, ಅಂಕವಿಲ್ಲದೆ, ಒಂದೊಂದು ಮಗುವೂ ತಾನು ಓದಿದ್ದನ್ನು ಎರಡು ನಿಮಿಷ ಹೇಳಲಿ. ‘ಇಷ್ಟವಾಗಲಿಲ್ಲ’ ಎಂದ ಮಗುವನ್ನು ಗದರಿಸದೆ ಏಕೆಂದು ಕೇಳಿರಿ. ಮೇಲಿನ ತರಗತಿಗಳಲ್ಲಿ ಅದೇ ಕನ್ನಡ ಕಥೆಯನ್ನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಸಿರಿ. ಇದಕ್ಕೆಲ್ಲ ಮೊದಲು ನಾವು ನಾವೇ ಕೇಳಿಕೊಳ್ಳೋಣ: ಈ ತಿಂಗಳು ಪಠ್ಯಪುಸ್ತಕವಲ್ಲದೆ ನಾವು ಓದಿದ್ದೇನು? ಉತ್ತರ ಹೇಳಲು ನಮಗೂ ಒಂದು ಹಾಳೆ ಬೇಕಾದೀತೇ?

ವಿದ್ಯಾರ್ಥಿಗಳೇ, ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೇಶ ಸುತ್ತಲು ಹೊರಟವರಿಗೆ ಕೋಶ ತೊಡಕಲ್ಲ, ಬುತ್ತಿ. ಕನ್ನಡದಲ್ಲಿ ಓದಿದ್ದನ್ನು ಯಾರ ಎದುರಿನಲ್ಲೂ, ಯಾವ ಭಾಷೆಯಲ್ಲೂ ತಲೆಯೆತ್ತಿ ಹೇಳಿರಿ. ನಮ್ಮ ಶಿಷ್ಯೆ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂರುತ್ತಾಳೆ. ಹಾಳೆಯನ್ನು ನಮ್ಮ ಮನೆಯಲ್ಲೇ ಬಿಟ್ಟು, ನಮ್ಮ ‘ಕರ್ವಾಲೋ’ವನ್ನು ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಅಂಕ ಎಷ್ಟು ಬರುವುದೋ ನಾವು ಹೇಳಲಾರೆವು. ಈ ಸಲ ಅವಳು ಸುಳ್ಳು ಹೇಳುವುದಿಲ್ಲ.