ಅದು ಬರೀ ಮಂಜಲ್ಲ, ನಾವು ಹಚ್ಚಿದ ತರಗು

ಮೊನ್ನೆ ಬೆಳಗಿನ ಜಾವ ಡೈರಿಗೆ ಹಾಲು ಹಾಕಕ್ಕೆ ಹೊರಟ ನನ್ನ ಭಾವಮೈದ, ನಾಲೆ ಏರಿ ಮೇಲೆ ಎದುರಿಗೆ ಬಂದ ಕಬ್ಬಿನ ಗಾಡಿ ಕಾಣದೆ ಬೈಕು ಸಮೇತ ಗುಂಡಿಗೆ ಬಿದ್ದ. ಪುಣ್ಯಕ್ಕೆ ಕೈಕಾಲು ಉಳೀತು, ಹಾಲು ಹೋಯ್ತು. ಎಲ್ಲರೂ "ಏನ್ ಮಂಜಪ್ಪ ಈ ಸಲ" ಅಂದ್ರು. ನಾನು ಸುಮ್ಮನಿದ್ದೆ. ಹಿಂದಿನ ಸಂಜೆ ಏರಿ ಕೆಳಗಿನ ಗದ್ದೇಲಿ ಕಬ್ಬಿನ ತರಗಿಗೆ ಬೆಂಕಿ ಹಚ್ಚಿದೋನು ನಾನೇ.

ಮಂಜಿಗೂ ಹೊಗೆಗೂ ಏನು ಸಂಬಂಧ ಅನ್ನೋರು ಮಳೆಗಾಲದಲ್ಲಿ ಅಡುಗೆಮನೆ ಉಪ್ಪಿನ ಡಬ್ಬಿ ನೋಡಿ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತೆ. ಬಾಯಿ ಬಿಚ್ಚಿಟ್ಟ ಯೂರಿಯಾ ಮೂಟೆದೂ ಅದೇ ಕತೆ. ತರಗಿನ ಹೊಗೇಲಿ ಮಸಿ ಒಂದೇ ಇರಲ್ಲ. ಕಬ್ಬು ಹೀರಿದ್ದ ಪೊಟ್ಯಾಷ್ (ನಾವು ದುಡ್ಡು ಕೊಟ್ಟು ಹಾಕಿದ್ದು!) ಉಪ್ಪಿನ ಕಣಗಳಾಗಿ ಮೇಲೇಳುತ್ತೆ. ಆಗತಾನೆ ಎದ್ದ ಮಸಿ ಅಷ್ಟಾಗಿ ನೀರು ಹಿಡಿಯಲ್ಲ, ಈ ಉಪ್ಪುಗಳು ಹಿಡೀತವೆ. ತೇವಾಂಶ 90% ಮುಟ್ಟಿದಾಗ ಅಡುಗೆ ಉಪ್ಪಿನ ಕಣದ ಅಡ್ಡಳತೆ ಎರಡು ಪಟ್ಟಿಗೂ ಮೀರುತ್ತೆ. ಅಡ್ಡಳತೆ ಎರಡರಷ್ಟಾದರೆ ಗಾತ್ರ ಎಂಟರಷ್ಟು, ಅದರಲ್ಲಿ ಏಳು ಪಾಲು ನೀರೇ. ಹಂಗೆ ಊದಿಕೊಂಡ ಕಣಗಳೇ ಬೆಳಕನ್ನ ಚದುರಿಸಿ ದಾರಿ ಮುಚ್ಚೋದು. ಇನ್ನೂ ಒಂದು ವಿಚಿತ್ರ ಕೇಳಿ: ಒಂದ್ಸಲ ಒದ್ದೆಯಾದ ಉಪ್ಪಿನ ಕಣ 75ಕ್ಕೆ ಇಳಿದ ತಕ್ಷಣ ಒಣಗಲ್ಲ, 45–50ರ ತನಕ ಇಳೀಬೇಕು. ಬಿಸಿಲು ಬಂದ್ರೂ ಮಬ್ಬು ಬೇಗ ಬಿಡದೆ ಇರೋದಕ್ಕೆ ಇದೂ ಒಂದು ಕಾರಣ.

ನೀರು ಹಿಡಿದ ಕಣ ಸುಮ್ಮನೆ ತೇಲ್ತಾ ಇರಲ್ಲ. ಗಾಳೀಲಿರೋ ಗಂಧಕದ ಅನಿಲ, ಕೊಟ್ಟಿಗೆ-ಗೊಬ್ಬರದಿಂದ ಎದ್ದ ಅಮೋನಿಯಾ ಅದರಲ್ಲಿ ಕರಗಿ ಅಮೋನಿಯಂ ಸಲ್ಫೇಟ್ ಆಗುತ್ತೆ. ನಾವು ಮೂಟೇಲಿ ತರೋದೇ ಅದು. ನೀರು ಆರಿದ ಮೇಲೂ ಆ ಸಲ್ಫೇಟ್ ಉಳೀತದೆ. ಸಂಜೆ ನಾವು ಬಿಟ್ಟ ಕಣ ಬೇರೆ, ಬೆಳಗ್ಗೆ ಮನೇಲಿ ದಮ್ಮಿನೋರು ಉಸಿರಾಡೋ ಕಣ ಬೇರೆ.

ಗಾಳಿ ಇಲ್ಲ, ಪಕ್ಕದೋರ ಗದ್ದೆಗೆ ಹತ್ತಲ್ಲ ಅಂತ ನಾವು ಹಚ್ಚೋದು ಸಂಜೆಗೇ. ರಾತ್ರಿ ನೆಲ ತಣ್ಣಗಾಗಿ ತೇವ ಏರೋದೂ, ಹೊಗೆ ಮೇಲೆ ಹೋಗದೆ ಬಯಲಲ್ಲೇ ಕೂರೋದೂ ಆಗಲೇ. ನಾಲೆ ಬಯಲಲ್ಲಿ ಮಂಜು ಮೊದಲಿಂದ ಇರೋದೇ, ಒಪ್ತೀನಿ. ಅದಕ್ಕೆ ನಮ್ಮ ಪಾಲು ಯಾಕೆ ಸೇರಿಸಬೇಕು? ನನ್ನ ಪ್ರಕಾರ ಸಂಜೆ ಹಚ್ಚೋದನ್ನಂತೂ ಇವತ್ತೇ ಬಿಡಬೇಕು. ತರಗನ್ನ ಸಾಲಿನ ನಡುವೆ ಹರವೋದೇ ಸರಿ. ಇಲಿ ಕಾಟ, ಕೂಲಿ ಖರ್ಚು ಅಂತೀರಿ. ನಿಜ, ನಂಗೂ ಅದೇ ತಲೆನೋವು. ತರಗು ಪುಡಿ ಮಾಡೋ ಮಿಷನ್‌ನ ಏಳೆಂಟು ಜನ ಸೇರಿ ಬಾಡಿಗೆಗೆ ತರೋದಾದ್ರೆ ನಂದೊಂದು ಪಾಲು. ಈ ತಿಂಗಳು ಯಾರ್ಯಾರ ಕಟಾವು ಇದೆ, ಕೆಳಗೆ ಬರೀರಣ್ಣ.